ಪಡುದಿಕ್ಕಿನ ಕಲ್ಲಿನ ಮೇಲೆ ಕೂತವರು

ನಾನು ಬಿ.ಎ. ಮಾಡುವುದು ಆಗದ ಮಾತು ಎಂದು ಮೊದಲು ಹೇಳಿದವರು ನನ್ನ ಸೋದರಮಾವ, ಶೀನಮಾವ. "ಮೀನ್ ಬುಟ್ಟಿ ಹೊರು ಮನೀಲಿ ಬಿ.ಎ. ಹುಟ್ಟುದಾ? ಆಪುದಲ್ಲ ಹೋಪುದಲ್ಲ," ಎಂದು ದೋಣಿಗೆ ಒರಗಿ ಕೂತು ಬೀಡಿ ಹಚ್ಚಿದ್ದರು. ಅವರ ಮಾತು ಸುಳ್ಳಾಯಿತು. ಬೈಂದೂರು ಕಡೆಯ ನಮ್ಮ ಮೀನುಗಾರರ ಕೇರಿಯಲ್ಲಿ ಮೊದಲ ಪದವೀಧರ ನಾನೇ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಆಗದ ಮಾತು ಎಂದು ನಾನೂ ಒಂದನ್ನು ಹೇಳುತ್ತಿದ್ದೆ. ತೀರಿಹೋದವರು ಕಾಣಿಸಿದರು, ಮಾತಾಡಿದರು ಎಂದು ಯಾರಾದರೂ ಕತೆ ತೆಗೆದರೆ ನಕ್ಕು ಎದ್ದುಹೋಗುತ್ತಿದ್ದೆ. ಓದಿದವನ ಜಂಬ. ಈಗ ಬರೆಯುವುದನ್ನು ನೀವು ನಂಬಲೇಬೇಕು ಎನ್ನುವುದಿಲ್ಲ. ನಡೆದ ಹಾಗೆ ಬರೆಯುತ್ತೇನೆ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಆಗ ನಮ್ಮ ಕಾಲೇಜಿನಲ್ಲಿ ಬಿ.ಎ.ಗೂ ಪ್ರಾಣಿಶಾಸ್ತ್ರ ಇತ್ತು, ನಾನು ಅದನ್ನೇ ತೆಗೆದುಕೊಂಡಿದ್ದೆ. ಕೊನೆಯ ಪರೀಕ್ಷೆಗೆ ಮೊದಲು ನಮ್ಮ ಮೇಷ್ಟ್ರು ಹನ್ನೊಂದು ಜನರನ್ನು ಕೊಡಚಾದ್ರಿಗೆ ಕರೆದುಕೊಂಡು ಹೋದರು. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಹೋದಷ್ಟು ದೂರ ಹೋಗಿ, ಮುಂದೆ ಅಕ್ಕಿ, ಪಾತ್ರೆ, ಗುಡಾರದ ಬಟ್ಟೆ ಹೊತ್ತು ಕಾಡಿನ ದಾರಿಯಲ್ಲಿ ಹತ್ತಿದೆವು. ಆ ಬೆಟ್ಟವನ್ನು ನಾನು ಹುಟ್ಟಿದಂದಿನಿಂದ ಬಲ್ಲೆ. ಕಡಲಿನಲ್ಲಿ ದೂರ ಹೋದ ದೋಣಿಯವರು ಅದರ ತುದಿ ನೋಡಿಯೇ ತಮ್ಮ ದಡ ಯಾವುದೆಂದು ತಿಳಿಯುವುದು. ಆದರೆ ನಮ್ಮ ಕೇರಿಯಲ್ಲಿ ಯಾರೂ ಅದನ್ನು ಹತ್ತಿರದಿಂದ ಕಂಡವರಲ್ಲ.

ಮೇಷ್ಟ್ರು ಮೈಸೂರು ಕಡೆಯವರು, ಬಲು ಬಿಗಿ. ಮೂರು ಬೆಳಗ್ಗೆ ಒಬ್ಬೊಬ್ಬನೂ ಒಂದೊಂದು ಕಡೆ ಒಂಟಿಯಾಗಿ ಕೂತು, ಕಣ್ಣಾರೆ ಕಂಡ ಪ್ರಾಣಿಗಳನ್ನು ಪುಸ್ತಕದಲ್ಲಿ ಬರೆಯಬೇಕು. ಕಂಡದ್ದೆಲ್ಲ ಬರೆಯಬೇಕು, ಕಾಣದ್ದು ಒಂದೂ ಇರಕೂಡದು. ಅದನ್ನು ನೋಡಿ ಅವರು ಶಿಬಿರದ ಸರ್ಟಿಫಿಕೇಟಿಗೆ ಸಹಿ ಹಾಕುವರು. ಅದಿಲ್ಲದೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಇನ್ನೊಂದು ವರ್ಷ ಎಂದರೆ ಬೇರೆಯವರಿಗೆ ಒಂದು ವರ್ಷ, ನನಗೆ ಓದು ಮುಗಿದ ಹಾಗೆ. ಅಪ್ಪ ಆಗಲೇ ನನ್ನ ಹೆಸರಿಗೆ ದೋಣಿಯಲ್ಲಿ ಒಂದು ಹುಟ್ಟು ಇಟ್ಟಿದ್ದರು.

ನನ್ನ ಪಾಲಿಗೆ ಬಂದದ್ದು ತುದಿಗಿಂತ ಕೆಳಗಿನ ಹುಲ್ಲುಗಾವಲಿನ ಒಂದು ತಗ್ಗು. ನಡುವೆ ನೀರಿನ ಹೊಂಡ, ಎರಡು ಕಡೆ ಕಲ್ಲು. ಕಾಡುಕೋಣ, ನಮ್ಮ ಕಡೆಯ ಮಾತಿನಲ್ಲಿ ಕಾಟಿ, ನೀರಿಗೆ ಬರುವ ಜಾಗ. ಮೊದಲ ದಿನ ಏನೂ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಕೋಟದ ಕಡೆಯ ಅರ್ಚಕರ ಮನೆಯ ಸುಬ್ರಾಯ ನನ್ನ ಗೆಳೆಯ. ಗಂಜಿಗೆ ಕೂತಾಗ ಕೇಳಿದ, "ಹ್ವಾಯ್, ನಿನ್ನ ಕಿಸೆಯಂಗೆ ಒಣ್ಮೀನ್ ಇತ್ತಾ ಎಂತ? ಹಾಂಗಾರೆ ಕಾಟಿ ಬಪ್ಪುದಲ್ಲ ಮಾರಾಯ, ಬೆಕ್ಕ್ ಬಪ್ಪುದ್."

ಎಲ್ಲರೂ ನಕ್ಕರು, ನಾನೂ ನಕ್ಕೆ. ತಪ್ಪು ಕಿಸೆಯಲ್ಲಿರಲಿಲ್ಲ, ತಲೆಯಲ್ಲಿತ್ತು. ಪ್ರಾಣಿಗೆ ನಮ್ಮ ವಾಸನೆ ಹೋಗದಂತೆ ಕೂರಬೇಕು, ಹುಲ್ಲಿನ ಎಸಳು ಬಿಟ್ಟು ಗಾಳಿ ನೋಡಿ ಎಂದು ಮೇಷ್ಟ್ರು ಹೇಳಿದ್ದರು. ಮೀನುಗಾರನ ಮಗನಿಗೆ ಗಾಳಿಯ ಪಾಠವೇ? ಬೆಳಗಿನ ಜಾವದ ಗಾಳಿ ಮೂಡಿನಿಂದ ಪಡುವಿಗೆ, ನೆಲದಿಂದ ಕಡಲಿಗೆ ಬೀಸುತ್ತದೆ. ಆ ಗಾಳಿಗೇ ಅಲ್ಲವೇ ನಮ್ಮ ದೋಣಿಗಳು ಪಟ ಬಿಚ್ಚಿ ಹೊರಡುವುದು? ಹಾಗಾಗಿ ನಾನು ಎರಡು ದಿನವೂ ಹೊಂಡದ ಪಡುದಿಕ್ಕಿನ ಕಲ್ಲಿನ ಮೇಲೆ ಕೂತಿದ್ದೆ. ಎಸಳು ಬಿಡಲೇ ಇಲ್ಲ.

ಮೂರನೆಯ ಬೆಳಗ್ಗೆಯೂ ಅಲ್ಲೇ ಕೂತೆ. ಬೆಳಕು ಹರಿಯುವ ಹೊತ್ತಿಗೆ ಮಂಜು ಇಳಿಯಿತು. ಚಾಚಿದ ಕೈಯಾಚೆ ಏನೂ ಕಾಣದಷ್ಟು. ಇನ್ನು ಮುಗಿಯಿತು ಎಂದುಕೊಂಡೆ. ಆಗ ಬೆನ್ನ ಹಿಂದೆ, ಒಂದು ಮಾರು ದೂರದಲ್ಲಿ, ಯಾರೋ ನಮ್ಮ ಕೇರಿಯ ಮಾತಿನಲ್ಲೇ ಹೇಳಿದರು: "ಗಾಳಿ ಕಂಡ್ಕಂಡ್ ಕೂಕೋ ಮಗಾ. ಇದ್ ಕಡ್ಲಲ್ಲ."

ಹೆದರಿಕೆ ಆಗಲಿಲ್ಲ, ಅದೇ ಈಗ ಆಶ್ಚರ್ಯ. ಬೈಸಿಕೊಂಡವನ ಹಾಗೆ ಒಂದು ಹಿಡಿ ಒಣ ಹುಲ್ಲು ಕಿತ್ತು ಬಿಟ್ಟೆ. ಅದು ನನ್ನಿಂದ ನೇರ ಹೊಂಡದ ಕಡೆಗೆ ಹಾರಿತು. ಆ ತಗ್ಗಿನಲ್ಲಿ ಬೆಳಗಿನ ತಣ್ಣನೆ ಗಾಳಿ ತುದಿಯಿಂದ ಮೂಡಿಗೆ ಇಳಿಯುತ್ತಿತ್ತು. ಎರಡು ದಿನ ನನ್ನ ವಾಸನೆಯನ್ನು ನಾನೇ ಕಳಿಸಿಕೊಟ್ಟಿದ್ದೆ. ಹಿಂದೆ ತಿರುಗಿ ನೋಡಿದೆ. ಮಂಜು ಮಾತ್ರ. ಎದ್ದು, ತಡವರಿಸುತ್ತ ಸುತ್ತು ಹಾಕಿ ಮೂಡು ಬದಿಗೆ ಹೋಗಿ ಕೂತೆ.

ಸ್ವಲ್ಪ ಹೊತ್ತಿಗೆ ಮಂಜು ತೆರೆಯಿತು. ಒಂಬತ್ತು ಕಾಡುಕೋಣಗಳು ನೀರು ಕುಡಿಯುತ್ತಿದ್ದವು. ಅವುಗಳ ಆಚೆ, ನಾನು ಬಿಟ್ಟುಬಂದ ಕಲ್ಲಿನ ಮೇಲೆ, ಒಬ್ಬರು ಮುದುಕರು ಕೂತಿದ್ದರು. ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಸೊಂಟಕ್ಕೆ ತುಂಡುಬಟ್ಟೆ. ಬಲೆಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಹರಿದಲ್ಲಿ ಕಟ್ಟುತ್ತಿದ್ದರು. ಬಲೆಯಿಂದ ನೀರು ಇಳಿಯುತ್ತಿತ್ತು. ಅಲ್ಲೊಬ್ಬರು ಇದ್ದಾರೆಂದು ಪ್ರಾಣಿಗಳಿಗೆ ತಿಳಿದಂತಿರಲಿಲ್ಲ. ಮತ್ತೆ ಮಂಜು ಮುಚ್ಚಿತು. ಅದು ಪೂರ್ತಿ ಬಿಟ್ಟಾಗ ಪ್ರಾಣಿಗಳೂ ಇಲ್ಲ, ಅವರೂ ಇಲ್ಲ. ಹೋಗಿ ನೋಡಿದರೆ ಕಲ್ಲು ಒದ್ದೆ. ಬೆರಳಲ್ಲಿ ಒರಸಿ ನಾಲಗೆಗೆ ಹಚ್ಚಿದೆ. ಉಪ್ಪು.

ಕಂಡದ್ದನ್ನು ಪುಸ್ತಕದಲ್ಲಿ ಬರೆದೆ. ಮೇಷ್ಟ್ರು ಎಲ್ಲರ ಎದುರು ಓದಿದರು.

"ಕಾಡುಕೋಣ ಒಂಬತ್ತು. ಮನುಷ್ಯ ಒಬ್ಬ, ಬಲೆ ಕಟ್ಟುತ್ತಿದ್ದ. ಯಾರಯ್ಯ ಇವನು?"

"ಗೊತ್ತಿಲ್ಲ ಸಾರ್."

"ಈ ಬೆಟ್ಟದ ಮೇಲೆ ಬಲೆ?"

"ಹೌದು ಸಾರ್."

"ಆ ಸಾಲು ಹೊಡೆದು ಹಾಕು. ಸಹಿ ಹಾಕ್ತೀನಿ."

ಪೆನ್ಸಿಲ್ ಕೈಯಲ್ಲೇ ಇತ್ತು. ಒಂದು ಗೀಟು ಎಳೆದರೆ ನಾನು ಪರೀಕ್ಷೆಗೆ ಕೂರಬಹುದು. ಸುಬ್ರಾಯ ಪಕ್ಕದಿಂದ, "ಎಳಿ ಮಾರಾಯ, ಯಾರಿಗ್ ಎಂತ ನಷ್ಟ," ಎಂದು ಪಿಸುಗುಟ್ಟಿದ. ನನ್ನ ಬಾಯಿಂದ ಬಂದದ್ದು ಬೇರೆ. "ಅದು ಸುಳ್ಳಾದರೆ ಒಂಬತ್ತು ಕಾಡುಕೋಣವೂ ಸುಳ್ಳು ಸಾರ್. ಎರಡನ್ನೂ ನೋಡಿದ್ದು ಇದೇ ಕಣ್ಣು."

ಅವರು ಪುಸ್ತಕ ಮುಚ್ಚಿ ಎದ್ದುಹೋದರು. ಗುಡಾರ ಬಿಚ್ಚಿ, ಗಂಟು ಕಟ್ಟಿ, ಎಲ್ಲರೂ ಬೆಟ್ಟ ಇಳಿದೆವು. ಕೆಳಗೆ ಬಸ್ಸಿಗೆ ಕಾಯುವಾಗ ಮೇಷ್ಟ್ರು ಕರೆದು ಪುಸ್ತಕ ಕೊಟ್ಟರು. ಕೊನೆಯ ಸಾಲಿನ ಮುಂದೆ ಕೆಂಪು ಶಾಯಿಯ ಒಂದು ಪ್ರಶ್ನೆಚಿಹ್ನೆ ಇತ್ತು. ಅದರ ಕೆಳಗೆ ಸಹಿ ಇತ್ತು.

ಕಾಡುಪ್ರಾಣಿಗಳು ಉಪ್ಪು ನೆಕ್ಕುವ ಕಲ್ಲುಗಳಿರುತ್ತವೆ ಎಂದು ಆಮೇಲೆ ಓದಿದೆ. ಎರಡು ವರ್ಷ ಬಿಟ್ಟು ಅದಕ್ಕಾಗಿಯೇ ಮತ್ತೆ ಬೆಟ್ಟ ಹತ್ತಿ ಆ ಕಲ್ಲನ್ನು ನೆಕ್ಕಿದೆ. ಸಪ್ಪೆ. ಗಾಳಿಯ ವಿಷಯ ನನ್ನ ತಲೆಯೇ ನನಗೆ ಹೇಳಿರಬಹುದು. ಮಂಜಿನಲ್ಲಿ ಕಣ್ಣು ಮೋಸ ಹೋಗಿರಬಹುದು. ನಾಲಗೆಗೆ ಏನು ಹೇಳಲಿ? ನನಗೆ ಈಗಲೂ ಗೊತ್ತಿಲ್ಲ.

ಪದವಿಯ ಸರ್ಟಿಫಿಕೇಟು ಬಂದ ದಿನ ಅದನ್ನು ಮನೆಗೆ ತಂದು ಅಜ್ಜಿಯ ಕೈಯಲ್ಲಿಟ್ಟೆ, ಅಪ್ಪನ ತಾಯಿ. ಅವರ ಗಂಡ, ನಮ್ಮ ಅಜ್ಜ, ನಾನು ಹುಟ್ಟುವ ಮೊದಲೇ ಒಂದು ಬೆಳಗ್ಗೆ ದೋಣಿ ತೆಗೆದುಕೊಂಡು ಹೋದವರು ತಿರುಗಿ ಬಂದಿರಲಿಲ್ಲ. ಬೆಟ್ಟದ ಸಂಗತಿಯನ್ನು ಮನೆಯಲ್ಲಿ ಹೇಳಿದ್ದು ಅಂದೇ ಮೊದಲು. ಅಜ್ಜಿ ಕೊನೆಯವರೆಗೂ ಕೇಳಿದರು. ಅಳಲಿಲ್ಲ, ಕೈ ಮುಗಿಯಲಿಲ್ಲ. ಕಾಗದವನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡಿದರು.

"ಅಷ್ಟ್ ಚಳೀಲಿ ಕೂಕಂಡಿದ್ರ್ ಅಂಬೆ ನೀನ್. ಉಂಡ್ರಾ ಅಂದ್ ಒಂದ್ ಮಾತ್ ಕೇಂಬುಕಾಗ್ದಾ, ಮಗಾ?"