ಪೂಜೆಗೆ ಇಡಬಾರದಿದ್ದ ಉಕ್ಕಿನ ಬಿಲ್ಲೆ

ಚನ್ನಗಿರಿ ಊರು ಮುಗಿದು ಹೊಲಗಳು ಶುರುವಾಗುವಲ್ಲಿ ತಗಡಿನ ಶೆಡ್ಡೊಂದಿದೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗಂಗೋತ್ರಿ ಶಟರ್ ಎತ್ತಿ ಒಳಗೆ ಬರುತ್ತಾಳೆ. ಸಾಲಾಗಿ ನಿಂತ ಲೇತ್ ಯಂತ್ರಗಳ ಕಡೆ ತಿರುಗಿಯೂ ನೋಡದೆ ಮೂಲೆಯ ಮೇಜಿಗೆ ಹೋಗಿ, ಮರದ ಪೆಟ್ಟಿಗೆಯ ಬೀಗ ತೆಗೆದು, ಬಟ್ಟೆಯ ಗಂಟೊಂದನ್ನು ಬಿಚ್ಚುತ್ತಾಳೆ. ಒಳಗೆ ಅಂಗೈಯಲ್ಲಿ ಅಡಗುವಷ್ಟು ಉಕ್ಕಿನ ಬಿಲ್ಲೆ. ಅದರ ಮೇಲೆ ಒರೆಸುತ್ತಾಳೆ, ಸುತ್ತ ಒರೆಸುತ್ತಾಳೆ, ಮಗುಚಿ ತಳ ಒರೆಸುತ್ತಾಳೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮತ್ತೆ ತಳವನ್ನೇ ಒರೆಸುತ್ತಾಳೆ.

"ತಳಾನ ಎಷ್ಟು ಸಲ ಒರೆಸ್ತೀರಮ್ಮ?" ಎಂದು ತಮಾಷೆಗೆ ಕೇಳುತ್ತೇನೆ.

"ಸಾಕು ಅನ್ಸೋ ತನಕ ಸರ್. ನನಗೆ ಸಾಕು ಅನ್ಸೋದೇ ಇಲ್ಲ," ಎನ್ನುತ್ತಾಳೆ. ಆಕೆ ನಗುವುದಿಲ್ಲ.

ನಿಜ ಹೇಳಬೇಕೆಂದರೆ ನಾನು ಬಂದದ್ದು ಬೇರೆ ಕಥೆ ಹುಡುಕಿಕೊಂಡು. ಗಂಡಸರೇ ತುಂಬಿರುವ ಕಾರ್ಖಾನೆಯಲ್ಲಿ ಅಳತೆ ನೋಡುವ ಒಬ್ಬಳೇ ಹೆಣ್ಣುಮಗಳು, ಅದೂ ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ಬಂದವಳು ಎಂದರೆ ಭಾನುವಾರದ ಪುರವಣಿಗೆ ಹೇಳಿ ಮಾಡಿಸಿದ ಸರಕು. ತಲೆಬರಹವನ್ನು ಬಸ್ಸಿನಲ್ಲೇ ಹೊಸೆದಿಟ್ಟುಕೊಂಡಿದ್ದೆ. ಒಂದು ಲೋಟ ಚಹಾ ಮುಗಿಯುವಷ್ಟರಲ್ಲಿ ಗಂಗೋತ್ರಿ ಅದನ್ನು ಕೆಲಸಕ್ಕೆ ಬಾರದಂತೆ ಮಾಡಿಬಿಟ್ಟಳು.

ಈ ಶೆಡ್ಡಿನಲ್ಲಿ ನೀರೆತ್ತುವ ಪಂಪಿನೊಳಗೆ ಕೂರುವ ಉಕ್ಕಿನ ಉಂಗುರಗಳು ತಯಾರಾಗುತ್ತವೆ. ಇಲ್ಲಿಯವರು ಅವನ್ನು ಬಳೆ ಎಂದೇ ಕರೆಯುತ್ತಾರೆ. ಬಳೆಯ ದಪ್ಪ ಕೂದಲೆಳೆಯಷ್ಟು ಹೆಚ್ಚಾದರೂ ಪಂಪು ಬಿಗಿದುಕೊಂಡು ನಿಂತುಬಿಡುತ್ತದೆ. ಅದಕ್ಕೇ ಈ ಬಿಲ್ಲೆ. ಇದರ ಹೆಸರು ಮಾಸ್ಟರ್. ಬೆಳಿಗ್ಗೆ ಇದನ್ನು ಅಳತೆಯ ಮುಳ್ಳಿನ ಕೆಳಗಿಟ್ಟು ಮುಳ್ಳನ್ನು ಸೊನ್ನೆಗೆ ತಂದರೆ, ದಿನವಿಡೀ ಬರುವ ಬಳೆಗಳೆಲ್ಲ ಇದರ ದಪ್ಪಕ್ಕೆ ಹೊಂದಬೇಕು. ಮಾಸ್ಟರ್ ಸುಳ್ಳಾಡಿದರೆ ಇಡೀ ಶೆಡ್ಡು ಸುಳ್ಳಾಡುತ್ತದೆ.

ಗಂಗೋತ್ರಿಯ ಅಪ್ಪ ತಿಪ್ಪೇಶಪ್ಪನವರದು ಸೊಕ್ಕೆಯಲ್ಲಿ ಹಿಟ್ಟಿನ ಗಿರಣಿ. ಬೆಲ್ಟು ಜಾರಿದರೆ ಏರಿಸುವುದನ್ನು ಈಕೆ ಲಂಗ ತೊಡುವ ವಯಸ್ಸಿನಲ್ಲೇ ಕಲಿತಿದ್ದಳು. ಮೆಕ್ಯಾನಿಕಲ್ ಡಿಪ್ಲೊಮಾ ಸೇರಿದಾಗ ನೆಂಟರು ಮೂಗು ಮುರಿದರು, ಅಪ್ಪ ಮುರಿಯಲಿಲ್ಲ. ಕೊನೆಯ ವರ್ಷದ ಇಂಟರ್ನ್‌ಶಿಪ್‌ಗೆ ಕಾಲೇಜಿನವರು ಈ ಶೆಡ್ಡಿಗೆ ಕಳಿಸಿದರು. ಜೊತೆಗೆ ಬಂದ ಹುಡುಗರನ್ನು ಮೊದಲ ದಿನವೇ ಯಂತ್ರದ ಮುಂದೆ ನಿಲ್ಲಿಸಿದ ಮೇಸ್ತ್ರಿ, ಈಕೆಯ ಕೈಗೆ ಕಬ್ಬಿಣದ ಪುಡಿ ಗುಡಿಸುವ ಪೊರಕೆ ಕೊಟ್ಟ. ಹೆಂಗಸರಿಗೆ ಶೌಚಾಲಯವೂ ಇರಲಿಲ್ಲ.

"ಪಕ್ಕದ ಮನೆಯೋರನ್ನ ಕೇಳ್ಕಂಡು ಹೋಗಿ ಬರ್ತಿದ್ದೆ. ಅವರಿಗೂ ಬ್ಯಾಸರ ಆಗಬಾರದಲ್ಲ ಅಂತ ನೀರು ಕುಡಿಯೋದೇ ಕಮ್ಮಿ ಮಾಡಿದ್ದೆ," ಎನ್ನುತ್ತಾಳೆ. ದೂರುವ ದನಿಯಲ್ಲ, ನೆನಪು ಮಾಡಿಕೊಳ್ಳುವ ದನಿ.

ಪೊರಕೆ ಬಿಡಿಸಿ ಬಿಲ್ಲೆ ಕೊಟ್ಟವರು ಇಮಾಮ್‌ಸಾಬ್. ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯವರು. ಮೊದಲ ಬಸ್ಸಿಗೆ ಬಂದು ಕೊನೆಯ ಬಸ್ಸಿಗೆ ಹೋಗುತ್ತಿದ್ದ ಹಳೆಯ ಲೇತ್ ಕೆಲಸಗಾರ. ಅಳತೆಯ ಮೇಜೂ ಅವರ ಸುಪರ್ದಿನಲ್ಲೇ ಇತ್ತು. "ಗುಡಿಸೋದು ಯಾರಾದ್ರೂ ಗುಡಿಸ್ತಾರೆ, ನೀನು ಇಲ್ಲಿ ಬಾ ಬೇಟಿ" ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಕೆಲವು ವಾರಗಳ ನಂತರ ಪೆಟ್ಟಿಗೆಯ ಕೀಲಿಯನ್ನೂ ಕೈಗಿತ್ತರು. ಆದರೆ ವಿದ್ಯಾರ್ಥಿಯ ಸಹಿಗೆ ಬೆಲೆಯಿಲ್ಲ. ಈಕೆ ನೋಡಿ ಪಾಸು ಮಾಡಿದ ಬಳೆಗಳ ಪೆಟ್ಟಿಗೆಯ ಮೇಲೆ ಬೀಳುತ್ತಿದ್ದುದು ಇಮಾಮ್‌ಸಾಬರ ಸಹಿ. "ನಿನ್ನ ಮ್ಯಾಲೆ ನಂಬಿಕೆ ಐತೆ, ಅದಕ್ಕೇ ಹಾಕ್ತೀನಿ" ಎನ್ನುತ್ತಿದ್ದರಂತೆ.

ಹೀಗಿರುವಾಗ ಆಯುಧಪೂಜೆ ಬಂತು.

ಸಂಜೆ ಶೆಡ್ಡು ತೊಳೆದರು. ಲೇತ್‌ಗಳಿಗೆ ಬಾಳೆಕಂಬ ಕಟ್ಟಿದರು, ಸ್ಪ್ಯಾನರು, ಸುತ್ತಿಗೆಗಳನ್ನು ಹಲಗೆಯ ಮೇಲೆ ಜೋಡಿಸಿದರು. ಮಾಸ್ಟರ್ ಮಾತ್ರ ಹಲಗೆಗೆ ಬರಲಿಲ್ಲ. ಇಮಾಮ್‌ಸಾಬ್ ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟು ಬಸ್ಸಿಗೆ ಹೊರಟುಹೋದರು. ಗಂಗೋತ್ರಿಗೆ ಮನಸ್ಸು ತಡೆಯಲಿಲ್ಲ. ಅಪ್ಪನ ಗಿರಣಿಯಲ್ಲಿ ತಕ್ಕಡಿಗೂ ತೂಕದ ಕಲ್ಲಿಗೂ ವಿಭೂತಿ ಬಳಿಯದೆ ಹಬ್ಬ ಮುಗಿಯುತ್ತಿರಲಿಲ್ಲ.

"ಚಾಚಾ ಸಾಬ್ರಲ್ವಾ, ಅದಕ್ಕೇ ಪೂಜೆಗೆ ಇಟ್ಟಿಲ್ಲ ಅಂದ್ಕಂಡೆ ಸರ್. ಪಾಪ, ಅವರಿಗೆ ಹೇಳಿ ಯಾಕೆ ಮುಜುಗರ ಮಾಡಾಕೆ ಹೋಗಲಿ ಅಂತ ಎಲ್ಲಾರೂ ಹೋದ ಮ್ಯಾಲೆ ನಾನೇ ತೆಗೆದಿಟ್ಟೆ. ಅರಿಶಿನ, ವಿಭೂತಿ, ಕುಂಕುಮ ಎಲ್ಲಾ ಹಚ್ಚಿ ಮತ್ತೆ ಪೆಟ್ಟಿಗೆಗೇ ಇಟ್ಟೆ. ಒಳ್ಳೇದೇ ಮಾಡ್ತಿದೀನಿ ಅಂದ್ಕಂಡಿದ್ದೆ."

ಹಬ್ಬ ಮುಗಿಸಿ ಬಂದವಳು ಮಾಸ್ಟರಿನ ಮೇಲೆ ಒರೆಸಿದಳು, ಸುತ್ತ ಒರೆಸಿದಳು. ತಳ ನೋಡಲಿಲ್ಲ. ಅಲ್ಲಿ ಅರಿಶಿನದ ನೀರು ಇಳಿದು ತೆಳ್ಳಗೆ ಒಣಗಿ ಕೂತಿತ್ತು. ಸಂತೆಯಲ್ಲಿ ಕೆಲವರು ತಕ್ಕಡಿಯ ತಟ್ಟೆಯಡಿ ಹುಣಸೆಹಣ್ಣು ಅಂಟಿಸುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. ಮಾಸ್ಟರ್ ಒಂದಿಷ್ಟು ಎತ್ತರಕ್ಕೆ ನಿಂತಿತು, ಅದನ್ನು ನೋಡಿ ಬಳೆಗಳೆಲ್ಲ ದಪ್ಪಗಾದವು. ಪಂಪಿನ ಕಂಪನಿಯವರು ಮಾಲನ್ನೆಲ್ಲ ವಾಪಸು ಕಳಿಸಿದರು.

ಇಮಾಮ್‌ಸಾಬ್ ಪೆಟ್ಟಿಗೆ ತೆಗೆದು, ಮಾಸ್ಟರ್ ಮಗುಚಿ, ಹಳದಿ ಪೊರೆಯನ್ನು ಉಗುರಿನಿಂದ ಕೆರೆದರು. ಗಂಗೋತ್ರಿಯ ಮುಖ ನೋಡಿದರು. ಮಾಸ್ಟರನ್ನು ಒರೆಸಿ ಪೆಟ್ಟಿಗೆಗಿಟ್ಟರು. ಆದರೆ ಪಕ್ಕದ ಲೇತಿನ ದುರುಗೇಶ್ ಸುಮ್ಮನಿರಲಿಲ್ಲ. "ಅದೊಂದನ್ನ ಸಾಬ್ರು ಪೂಜೆಗೆ ಇಡಲಿಲ್ಲ ನೋಡ್ರಿ, ಅದಕ್ಕೇ ಹಿಂಗಾತು" ಎಂದುಬಿಟ್ಟ. ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಶೆಡ್ಡು ಅದನ್ನೇ ಹೇಳುತ್ತಿತ್ತು.

"ಇಟ್ಟಿದ್ದೆ, ಇಟ್ಟಿದ್ದಕ್ಕೇ ಹಿಂಗಾಗಿದ್ದು ಅನ್ನೋ ಮಾತು ಬಾಯಿ ತನಕ ಬಂತು ಸರ್. ನುಂಗ್ಕಂಡು ಊಟದ ಡಬ್ಬಿ ಮುಚ್ಚಿದೆ."

ಈಕೆ ಬಾಯಿ ಬಿಡಲೇ ಇಲ್ಲ ಎಂದಲ್ಲ. ಅಂದೇ ಸಂಜೆ ಮಾಲೀಕ ಮಹೇಶ್ವರಪ್ಪನವರ ಕ್ಯಾಬಿನ್ನಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಕೇಳಿಸಿಕೊಂಡು, ಬಾಗಿಲು ಹಾಕಿಸಿ, "ಪೂಜೆ ಮಾಡಿದ್ದಕ್ಕೆ ಮಾಲು ಕೆಟ್ಟಿತು ಅಂತ ಹೊರಗೆ ಹೇಳಾಕೆ ಬರ್ತೈತೇನಮ್ಮ? ನೀನು ಓದೋ ಹುಡುಗಿ. ಸರ್ಟಿಫಿಕೇಟ್ ತಗಂಡು ಹೋಗು, ಈ ಮಾತು ಇಲ್ಲಿಗೇ ಬಿಡು" ಎಂದರು. ವಾಪಸು ಬಂದ ಬಳೆಗಳ ಪೆಟ್ಟಿಗೆಯ ಮೇಲೆ ಸಹಿ ಇದ್ದುದು ಇಮಾಮ್‌ಸಾಬರದು. ಆ ತಿಂಗಳ ಕೊನೆಗೆ ಅವರನ್ನು ಇನ್ನು ಬರುವುದು ಬೇಡ ಎಂದು ಕಳಿಸಿದರು. ಇಂಟರ್ನ್‌ಶಿಪ್ ಮುಗಿದಾಗ ಗಂಗೋತ್ರಿಗೆ ಕೊಟ್ಟದ್ದು ಅವರ ಮೇಜನ್ನೇ.

"ಆ ಕೆಲಸ ಬ್ಯಾಡ ಅನ್ನಬೇಕಿತ್ತು. ಅನ್ನಲಿಲ್ಲ. ಅಪ್ಪನಿಗೆ ಫೋನ್ ಮಾಡಿ ಕೆಲಸ ಆತು ಅಂತ ಹೇಳಿದೆ, ಅಪ್ಪ ಗಿರಣಿಗೆ ಬಂದೋರಿಗೆಲ್ಲ ಮಂಡಕ್ಕಿ ಹಂಚಿದ್ನಂತೆ," ಎನ್ನುವಾಗ ಆಕೆ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಬಿಚ್ಚಿ ಮಾಡುತ್ತಾಳೆ. ಇಷ್ಟು ಚಿಕ್ಕ ವಯಸ್ಸಿನ ಮುಖದ ಮೇಲೆ ಇಷ್ಟು ಹಳೆಯ ಸಂಕಟ ನೋಡಿ ನಿಜಕ್ಕೂ ನೋವಾಗುತ್ತದೆ.

ಮಹೇಶ್ವರಪ್ಪನವರನ್ನೂ ಕೇಳುತ್ತೇನೆ. "ಹಳೇ ಮಾತು ಬಿಡ್ರಿ. ಸಾಬ್ರು ಒಳ್ಳೆ ಕೆಲಸಗಾರ, ಇಲ್ಲ ಅನ್ನೋದಿಲ್ಲ. ವಯಸ್ಸಾಗಿತ್ತು, ಕಳಿಸಿದ್ವಿ," ಎಂದು ಮಾತು ಮುಗಿಸಿ ಬಾಳೆಹಣ್ಣು ಕೊಡುತ್ತಾರೆ.

ಮಧ್ಯಾಹ್ನ ಸಾಸ್ವೆಹಳ್ಳಿಗೆ ಹೋಗುತ್ತೇನೆ. ಬಸ್ ನಿಲ್ದಾಣದ ಹತ್ತಿರದ ಅಂಗಡಿಯೊಂದರ ಮುಂದೆ ಇಮಾಮ್‌ಸಾಬ್ ಔಷಧಿ ಹೊಡೆಯುವ ಪಂಪುಗಳನ್ನು ಬಿಚ್ಚಿ ಕೂತಿದ್ದಾರೆ. ಮಾಸ್ಟರನ್ನು ಪೂಜೆಗೆ ಯಾಕೆ ಇಡುತ್ತಿರಲಿಲ್ಲ ಎಂದು ಕೇಳಿದರೆ ಆಶ್ಚರ್ಯದಿಂದ ನೋಡುತ್ತಾರೆ.

"ಅದಕ್ಕೆ ಏನೂ ಹತ್ತಬಾರದು ಅಂತ ರೀ, ಅಷ್ಟೇ. ಎಣ್ಣೆ ಬಿಟ್ರೆ ಏನೂ ಹತ್ತಬಾರದು. ಪೂಜೆ ಬ್ಯಾಡ ಅನ್ನಾಕೆ ನಾನ್ಯಾರು? ವರ್ಷಾ ವರ್ಷಾ ಹೊನ್ನಾಳಿಯಿಂದ ಹಾರ ತರ್ತಿದ್ದೋನೇ ನಾನು."

ಆ ವರ್ಷವೂ ತಂದಿದ್ದರು. ಲೇತ್‌ಗಳಿಗೆ ಹಾರ ಹಾಕಿ, ಉಳಿದ ಹೂವನ್ನು ಗಂಗೋತ್ರಿಯ ಕೈಗೆ ಕೊಟ್ಟೇ ಬಸ್ಸು ಹತ್ತಿದ್ದರು. ಮಾಸ್ಟರ್ ಮೇಲೆ ಆಕೆ ಇಟ್ಟದ್ದೂ ಅದೇ ಹೂವು. ಹುಡುಗಿಯ ಮೇಲೆ ಸಿಟ್ಟಿದೆಯೇ ಎಂದರೆ ಇಮಾಮ್‌ಸಾಬ್ ಕೈಯಲ್ಲಿದ್ದ ವಾಷರ್ ಉಜ್ಜುತ್ತಾ, "ಕೂಸು ಅದು. ಸಿಟ್ಟಿಲ್ಲ ರೀ. ಆ ಶೆಡ್ಡಿನೋರು ಈಗ್ಲೂ ಸಂತೆಯಾಗೆ ಸಿಕ್ರೆ ಮುಖ ತಿರುಗಿಸ್ತಾರೆ, ಅದೊಂದು ಬ್ಯಾಸರ" ಎನ್ನುತ್ತಾರೆ.

ಮತ್ತೆ ಚನ್ನಗಿರಿಗೆ ಬಂದು, ಕೆಲಸ ಬಿಡುವ ಹೊತ್ತಿಗೆ ಗಂಗೋತ್ರಿಗೆ ಹಾರದ ಮಾತು ಹೇಳುತ್ತೇನೆ. ಆಕೆ ಮಾಸ್ಟರನ್ನು ಮಗುಚಿ ಮತ್ತೊಮ್ಮೆ ತಳ ಒರೆಸುತ್ತಾಳೆ.

"ನನಗೂ ಗೊತ್ತಿತ್ತು ಸರ್. ಆ ಹೂವು ನನ್ನ ಕೈಯಾಗೇ ಇತ್ತು. ಇದ್ರೂ ಹಂಗೆ ಅಂದ್ಕಂಡ್ನಲ್ಲ. ಯಾಕೆ ಇಟ್ಟಿಲ್ಲ ಚಾಚಾ ಅಂತ ಒಂದು ಮಾತು ಕೇಳಿದ್ರೆ ಆಗಿರೋದು."

ಫೋಟೊ ತೆಗೆಯಲು ಮೊಬೈಲ್ ಎತ್ತಿದರೆ ಕೈ ಅಡ್ಡ ಹಿಡಿಯುತ್ತಾಳೆ. "ನನ್ನ ಫೋಟೊ ಬ್ಯಾಡ. ನಿಮ್ಮ ಪೇಪರ್ ಇಲ್ಲಿಗೆ ಬರ್ತೈತೆ. ಊಟದ ಹೊತ್ನಾಗೆ ಎಲ್ಲಾರೂ ಹಂಚ್ಕಂಡು ಓದ್ತಾರೆ, ದುರುಗೇಶಣ್ಣ ಜೋರಾಗಿ ಓದಿ ಹೇಳ್ತಾನೆ."

ಮಾಲೀಕರೂ ಓದುತ್ತಾರೆ, ಈ ಮೇಜು ಹೋದೀತು ಎಂದು ನಾನು ಎಚ್ಚರಿಸುತ್ತೇನೆ.

"ಹೋಗಲಿ. ಕ್ಯಾಬಿನ್ನಾಗೆ ಬಾಗಿಲು ಹಾಕ್ಕಂಡು ಹೇಳಿದ್ದು ಹೇಳಿದಂಗಲ್ಲ ಸರ್." ಗಂಗೋತ್ರಿ ಮಾಸ್ಟರನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗಿಟ್ಟು ಬೀಗ ಹಾಕುತ್ತಾಳೆ. "ಪೂಜೆಗೆ ಇಟ್ಟೋಳು ನಾನು. ತಳ ಒರೆಸದೇ ಇದ್ದೋಳೂ ನಾನು. ಇಮಾಮ್ ಚಾಚಾನ ತಪ್ಪು ಏನೂ ಇರಲಿಲ್ಲ. ದುರುಗೇಶಣ್ಣ ಓದೋವಾಗ ಎಲ್ಲಾರಿಗೂ ಕೇಳೋ ಹಂಗೆ ಬರೀರಿ."