ಶಂಭುಲಿಂಗ ಸಾಹುಕಾರರ ಸಿಪಾಯಿಗಳು

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಶಂಭುಲಿಂಗ ಸಾಹುಕಾರರು ಮಾರುಕಟ್ಟೆಯಲ್ಲಿ ದೇವರೇ ಬಂದು ಹೇಳಿದರೂ ನಂಬುವವರಲ್ಲ. ಚೀಲಕ್ಕೆ ಕೈ ಹಾಕಿ, ಒಂದು ಕಾಯಿ ಮುರಿದು, ಬಿಸಿಲಿಗೆ ಹಿಡಿದು, "ಬಣ್ಣ ಮಾಸೇತಿ, ತಗೊಂಡು ಹೋಗ್ರಿ" ಎಂದರೆ ಅಗಡಿಯ ರೈತ ಹಾಲೇಶಪ್ಪ ತುಟಿ ಬಿಚ್ಚುವಂತಿಲ್ಲ. ಅದೇ ಮನುಷ್ಯ ಅಂಗಡಿಯ ಗಾದಿಯ ಮೇಲೆ ಕೂತು ಮೊಬೈಲ್ ತೆರೆದರೆ ಮುಗಿಯಿತು. ಆಟಿಕೆ ಸಿಪಾಯಿ ಸಂಗ್ರಹಿಸುವವರ ವಾಟ್ಸ್ಆ್ಯಪ್ ಬಳಗದಲ್ಲಿ, ಮುಖ ಕಾಣದ ಯಾರೋ ಒಬ್ಬ "ಬಣ್ಣ ಮಾಸಿದ್ದಕ್ಕೇ ಇದಕ್ಕೆ ಬೆಲೆ" ಎಂದರೆ ಸಾಕು, ಹೆಬ್ಬೆರಳುದ್ದದ ತಗಡಿನ ಸಿಪಾಯಿಗೆ ಎರಡು ಚೀಲ ಕಾಯಿಯ ದುಡ್ಡು ಸುರಿಯುತ್ತಾರೆ. ಹೆಂಡತಿ ನೀಲಾ ಆ ಸಿಪಾಯಿಗಳ ಕಪಾಟು ತೆರೆದರೆ, "ಮುಟ್ಟಬ್ಯಾಡ, ಡಬ್ಬಿ ಬಿಚ್ಚಿದ್ರ ಕಿಮ್ಮತ್ತು ಹೋಗತೈತಿ ಅಂತ ಬಳಗದವ್ರು ಹೇಳ್ಯಾರ" ಎಂದು ಗದರುತ್ತಾರೆ. ಹೋದ ತಿಂಗಳು ಜ್ವರ ಬಂದು ರಾಣೆಬೆನ್ನೂರಿನ ಆಸ್ಪತ್ರೆ ಸೇರಿದರು. ಏನೂ ಕೊಳ್ಳದ ಎಂಟು ದಿನ ಬಳಗದ ಮುನ್ನೂರು ಜನರಲ್ಲಿ ಒಬ್ಬನೂ "ಎಲ್ಲಿದ್ದೀರಿ" ಎನ್ನಲಿಲ್ಲ. ಒಂಬತ್ತನೆಯ ದಿನ ಎಳನೀರು ಹಿಡಿದು ಬಂದವನು ಹಾಲೇಶಪ್ಪ. "ಹೆಂಗದೀರಿ ಸಾವ್ಕಾರ್ರ?" ಎಂದ. ಸಾಹುಕಾರರಿಗೆ ಕೇಳಿಸಲಿಲ್ಲ, ಸಲೈನ್ ಹಚ್ಚಿದ ಕೈಯಿಂದಲೇ ಆಗತಾನೇ ಇನ್ನೊಂದು ಸಿಪಾಯಿ ಕೊಂಡು ಬಳಗಕ್ಕೆ ತಿಳಿಸಿದ್ದರು. ನಲವತ್ತು ಚಪ್ಪಾಳೆಯ ಚಿತ್ರಗಳು ಬಂದವು. ಕಣ್ಣು ತುಂಬಿಕೊಂಡು ಮೊಬೈಲನ್ನು ಮಂಚದ ಪಕ್ಕ ಕೂತಿದ್ದ ನೀಲಾಳ ಮುಂದೆ ಹಿಡಿದರು: "ನೋಡು, ಎಷ್ಟ್ ಮಂದಿ ನನ್ನ ಕೇಳಾಕತ್ತಾರ!"