ಅಮೃತಬಳ್ಳಿ ಕುಡಿದ ಸೊಳ್ಳೆ

ಸ್ನೇಹಿತರೇ, ಇವತ್ತು ಬೆಂಗಳೂರಿನ ಮರ್ಫಿ ಟೌನ್‌ನಲ್ಲಿ ಒಂದು ಡ್ರಮ್ ನೀರು ಚೆಲ್ಲಿ, ಬೀದಿಗೆಲ್ಲ ಕೇಳುವಂತೆ ಬೈಸಿಕೊಂಡು ಬಂದಿದ್ದೇನೆ.

ನಾನು ಆಶಾ ಕಾರ್ಯಕರ್ತೆ. ಮನೆಮನೆಗೆ ಹೋಗಿ ನಿಂತ ನೀರಿನಲ್ಲಿ ಸೊಳ್ಳೆಯ ಲಾರ್ವಾ ಇದೆಯೇ ಎಂದು ನೋಡುವುದು ಈಗ ನನ್ನ ಕೆಲಸ. ಸೆಲ್ವಿ ಆಂಟಿಯ ತಾರಸಿಯಲ್ಲಿ ಮುಚ್ಚಳವಿಲ್ಲದ ನೀಲಿ ಡ್ರಮ್ ಇತ್ತು. ಬೇರು ಬಿಡಲೆಂದು ಅದರಲ್ಲಿ ಅಮೃತಬಳ್ಳಿಯ ಕಡ್ಡಿಗಳನ್ನು ಹದಿನೈದು ದಿನದಿಂದ ನೆನೆಹಾಕಿದ್ದರು. ಟಾರ್ಚ್ ಹಾಕಿ ನೋಡಿದರೆ ನೀರಿನ ತುಂಬ ಲಾರ್ವಾ ಕುಣಿಯುತ್ತಿವೆ.

“ಆಂಟಿ, ಇದನ್ನ ಈಗ್ಲೇ ಚೆಲ್ಬೇಕು.”

“ಏಯ್, ಅದು ಮದ್ದಿನ ನೀರಮ್ಮಾ! ಬೀದಿಗೆಲ್ಲ ಡೆಂಗಿ ಕಷಾಯ ಕೊಡೋಳು ನಾನು.”

“ಡೆಂಗಿ ಸೊಳ್ಳೆ ಹುಟ್ತಿರೋದೂ ಇಲ್ಲೇ, ನೋಡಿ.”

“ಅಮೃತಬಳ್ಳಿ ನೀರು ಕುಡ್ದು ಬೆಳ್ದಿರೋ ಸೊಳ್ಳೆ ಅದು. ಕಚ್ಚಿದ್ರೂ ಏನೂ ಆಗಲ್ಲ.”

ನಮ್ಮ ಮನೆಯಲ್ಲೂ ಕಷಾಯ ಕುದಿಸುತ್ತೇವೆ, ನನಗೆ ಕಷಾಯದ ಮೇಲೆ ಸಿಟ್ಟಿಲ್ಲ. ಆದರೆ ಎದುರು ಮನೆಯ ನಾಲ್ಕು ವರ್ಷದ ಹುಡುಗಿಗೆ ಮೂರು ದಿನದಿಂದ ಜ್ವರ. ಕಷಾಯ ಸಾಕು ಎಂಬ ಆಂಟಿಯ ಮಾತು ನಂಬಿ ತಾಯಿ ರಕ್ತ ಪರೀಕ್ಷೆಯನ್ನೂ ಮಾಡಿಸಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಡ್ರಮ್ಮನ್ನು ಅಲ್ಲೇ ಮಗುಚಿ ಹಾಕಿದೆ. ಕೆಳಗಿಳಿದು ಆ ತಾಯಿಯನ್ನು ಹೊರಡಿಸಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ನಡೆದೆ.

ಮೇಲಿನಿಂದ ಆಂಟಿ ಕೂಗಿದರು: “ಮದ್ದೆಲ್ಲ ಚೆಲ್ಬಿಟ್ಲು! ಇನ್ಮೇಲೆ ಈ ಬೀದೀಲಿ ಯಾರಿಗಾದ್ರೂ ಡೆಂಗಿ ಬಂದ್ರೆ ಇವಳೇ ಕಾರಣ!”

ಇನ್ಮೇಲೆ ತಾನೇ? ಆಗಲಿ. ನನ್ನ ಹೆಗಲ ಮೇಲೆ ಕೆಂಡದಂತೆ ಸುಡುತ್ತಿದ್ದ ಮಗುವಿಗೆ ಮಾತ್ರ, ಆ ‘ಕಚ್ಚಿದ್ರೂ ಏನೂ ಆಗದ’ ಸೊಳ್ಳೆಯೇ ಕಚ್ಚಿರಬೇಕು.